ಮಿಷನ್‌ಗೆ ಫಿಲಿಪ್ಪೀನ್ಸ್ ಬಂತಾ? ಹೊರಡುವ ಮುಂಚೆ ಇಷ್ಟು ತಿಳಿದುಕೊಳ್ಳಿ

ಲ್ಯಾಟರ್-ಡೇ ಸೇಂಟ್ಸ್ ಚರ್ಚ್‌ನಿಂದ ಎರಡು ವರ್ಷದ ಧರ್ಮಪ್ರಚಾರದ ಮಿಷನ್‌ಗೆ ಹೊರಡುವ ನಮ್ಮ ಹುಡುಗರು ಮೊದಲು ಕೇಳುವುದು ಸೂಟ್‌ಕೇಸಿನ ವಿಷಯ. ಬಿಳಿ ಶರ್ಟು, ಟೈ, ಶೂ ಎಲ್ಲ ಪಟ್ಟಿಯಲ್ಲೇ ಇರುತ್ತದೆ, ನೋಡಿಕೊಳ್ಳಿ. ಪಟ್ಟಿಯಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ.

ಮೊದಲು ನಿಮ್ಮ ಮುಖದ ವಿಷಯ. ಅಲ್ಲಿ ಭಾರತದವರೆಲ್ಲ 'ಬುಂಬಾಯ್'. ಬೆಂಗಳೂರಾದರೂ ಅಷ್ಟೇ, ಬೀದರ್ ಆದರೂ ಅಷ್ಟೇ. ಬೈಕಿನಲ್ಲಿ ಬೀದಿ ಬೀದಿ ಸುತ್ತಿ 'ಫೈವ್-ಸಿಕ್ಸ್' ಸಾಲ ವಸೂಲಿ ಮಾಡುವ ಪಂಜಾಬಿಗಳೇ ಅಲ್ಲಿಯವರಿಗೆ ಜಾಸ್ತಿ ಪರಿಚಯ. ಐದು ಕೊಟ್ಟು ಆರು ವಾಪಸ್ ತೆಗೆದುಕೊಳ್ಳುವ ಸಾಲ ಅದು. ಹಾಗಾಗಿ ನೀವು ಗೇಟಿನ ಮುಂದೆ ನಿಂತು 'ತಾವೊ ಪೊ', ಅಂದರೆ 'ಮನೆಯಲ್ಲಿ ಯಾರಿದ್ದೀರಿ' ಅಂತ ಕೂಗಿದರೆ, ಒಳಗಿನಿಂದ ಒಂದು ಮಗು ಅಮ್ಮ ಮನೆಯಲ್ಲಿಲ್ಲ ಅನ್ನುತ್ತದೆ, ಅದಕ್ಕೆ ಹಾಗೆ ಹೇಳಿಕೊಟ್ಟ ಅಮ್ಮನ ಪಿಸುಮಾತೂ ನಿಮಗೆ ಕೇಳಿಸುತ್ತದೆ. ನನಗೆ ಮೊದಲ ವಾರದಲ್ಲೇ ಆಯಿತು. ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಮಾತು ನಿಮ್ಮ ಕಂಪ್ಯಾನಿಯನ್, ಅಂದರೆ ಜೊತೆಗಿರುವ ಮಿಷನರಿ ಆಡಲಿ, ಆಮೇಲೆ ನೀವೇ 'ಸಾಲ ಕೇಳೋಕೆ ಬಂದಿಲ್ಲ' ಅಂತ ನಕ್ಕುಬಿಡಿ. ಗೇಟು ತೆರೆಯುತ್ತದೆ.

ಭಾಷೆಗೆ ಹೆದರಬೇಡಿ. ಟಗಾಲೊಗ್‌ನ 'ಪೊ' ಅಂದರೆ ನಮ್ಮ 'ರೀ' ಇದ್ದ ಹಾಗೆ, ದೊಡ್ಡವರ ಹತ್ತಿರ ಬಿಡಲೇಬಾರದು. 'ಮುಖಾ' ಅಂದರೆ ಮುಖ, 'ಗುರೊ' ಅಂದರೆ ಮೇಷ್ಟ್ರು, 'ಆಸಾ' ಅಂದರೆ ಆಸೆ. ಅಜ್ಜಿಯರ ಕೈ ಹಿಡಿದು ನಿಮ್ಮ ಹಣೆಗೆ ಮುಟ್ಟಿಸಿಕೊಂಡು 'ಮಾನೊ ಪೊ' ಅನ್ನಿ, ಅರ್ಧ ಬೀದಿ ನಿಮ್ಮದಾಯಿತು. ಊಟಕ್ಕೆ ಕರೆದರೆ ಸ್ವಲ್ಪವಾದರೂ ತಿನ್ನಿ. ಸಿನಿಗಾಂಗ್ ಸಿಕ್ಕರೆ ನಿಮ್ಮ ಅದೃಷ್ಟ, ನಮ್ಮ ಹುಣಸೆಹಣ್ಣಿನ ಸಾರಿನ ದೂರದ ನೆಂಟ ಅದು. ನಮ್ಮ ಚರ್ಚಿನವರು ಕಾಫಿ ಕುಡಿಯುವುದಿಲ್ಲವಲ್ಲ, ಕೊಟ್ಟರೆ ಮೈಲೊ ಅನ್ನುವ ಚಾಕೊಲೇಟ್ ಪಾನೀಯ ಇದೆಯಾ ಅಂತ ಕೇಳಿ, ಸಾಮಾನ್ಯವಾಗಿ ಇರುತ್ತದೆ.

ಬೆಳಿಗ್ಗೆ ಆರೂವರೆಗೆ ಏಳುವುದು, ರಾತ್ರಿ ಹತ್ತೂವರೆಗೆ ಮಲಗುವುದು, ದಿನವಿಡೀ ಕಂಪ್ಯಾನಿಯನ್ ಜೊತೆ. ಅವನ ಗೊರಕೆಯೋ ಸಿಂಕಿನಲ್ಲಿ ಬಿಟ್ಟ ತಟ್ಟೆಯೋ ಏನೇ ಇರಲಿ, ಅವತ್ತೇ ಹೇಳಿಬಿಡಿ. ವಾರಗಟ್ಟಲೆ ಒಳಗೇ ಇಟ್ಟುಕೊಂಡರೆ ಉಪ್ಪಿನಕಾಯಿ ತರ ಹುಳಿ ಜಾಸ್ತಿಯಾಗುತ್ತದೆ.

ವಾರಕ್ಕೊಂದು ಪಿ-ಡೇ, ಅಂದರೆ ಬಟ್ಟೆ, ಸಾಮಾನು ಅಂತ ನಮ್ಮ ಸ್ವಂತ ಕೆಲಸಕ್ಕೆ ಬಿಡುವ 'ಪ್ರಿಪರೇಷನ್ ಡೇ'; ನಮಗೆ ಸೋಮವಾರ ಇತ್ತು. ಎದ್ದ ತಕ್ಷಣ ಬಟ್ಟೆ ಒಗೆಯಿರಿ. ಬೋಗುಣಿ, ಸೋಪಿನ ತುಂಡು, ಬ್ರಷ್, ಅಷ್ಟೇ. ಕಾಲರಿಗೆ ಸೋಪು ಹಚ್ಚಿ ಹತ್ತು ನಿಮಿಷ ಬಿಟ್ಟು ಆಮೇಲೆ ಉಜ್ಜಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಹಗ್ಗ ಕಟ್ಟದಿದ್ದರೆ ಮಂಗಳವಾರ ಒದ್ದೆ ಶರ್ಟೇ ಗತಿ. ಒದ್ದೆ ಶೂ ಒಳಗೆ ಹಳೇ ಪೇಪರ್ ತುರುಕಿಡಿ. ಮನೆಗೆ ಫೋನು ಆಮೇಲೆ. 2019ರಿಂದ ವಾರವಾರ ವಿಡಿಯೊ ಕಾಲ್ ಮಾಡಬಹುದು, ಮುಂಚೆ ಕ್ರಿಸ್‌ಮಸ್ಸಿಗೆ ಮತ್ತು ಅಮ್ಮಂದಿರ ದಿನಕ್ಕೆ ಮಾತ್ರ ಇತ್ತು. ಅಲ್ಲಿ ಗಡಿಯಾರ ಎರಡೂವರೆ ಗಂಟೆ ಮುಂದೆ. ನೀವು ಎಂಟಕ್ಕೆ ಫೋನ್ ಮಾಡಿದರೆ ಇಲ್ಲಿ ಐದೂವರೆ, ಪಾಪ ಅಮ್ಮ.

ಕ್ರಿಸ್‌ಮಸ್ ಅಲ್ಲಿ ಸೆಪ್ಟೆಂಬರಿನಲ್ಲೇ ಶುರು! ನಿಜವಾಗಿಯೂ. ಅಂಗಡಿಯಲ್ಲಿ ಹಾಡು, ಕಿಟಕಿಯಲ್ಲಿ 'ಪರೋಲ್' ಅನ್ನುವ ನಕ್ಷತ್ರದ ದೀಪ. ಡಿಸೆಂಬರ್ 16ರಿಂದ 24ರವರೆಗೆ ಕ್ಯಾಥೊಲಿಕರು ಬೆಳಗಿನ ಜಾವವೇ ಎದ್ದು 'ಸಿಂಬಾಂಗ್ ಗಾಬಿ' ಅನ್ನುವ ಚರ್ಚ್ ಪೂಜೆಗೆ ಹೋಗುತ್ತಾರೆ. ಆ ಒಂಬತ್ತು ದಿನ ಬೆಳಿಗ್ಗೆ ಬಾಗಿಲು ತಟ್ಟಬೇಡಿ, ನಿದ್ದೆಗೆಟ್ಟವರ ಹತ್ತಿರ ಧರ್ಮದ ಮಾತು ನಡೆಯುವುದಿಲ್ಲ. ಸಂಜೆ ಮಕ್ಕಳು ಸೋಡಾ ಮುಚ್ಚಳಗಳನ್ನು ತಂತಿಗೆ ಪೋಣಿಸಿ ಗಲಗಲ ಅನ್ನಿಸುತ್ತಾ ಹಾಡಲು ಬರುತ್ತಾರೆ, ಚಿಲ್ಲರೆ ಇಟ್ಟುಕೊಂಡಿರಿ. 24ರ ಮಧ್ಯರಾತ್ರಿ ನೋಚೆ ಬುಯೆನಾ ಊಟ. ನೀವು ಅಷ್ಟು ಹೊತ್ತು ಹೊರಗೆ ಇರುವಂತಿಲ್ಲ, ಸಂಜೆಯೇ ಬರುತ್ತೇವೆ ಅಂತ ಮೊದಲೇ ಹೇಳಿ. ಸಿಹಿ ಸ್ಪಗೆಟ್ಟಿ ಕೊಡುತ್ತಾರೆ, ಮುಖ ಕಿವುಚಬೇಡಿ. ಮನೆಯ ಕಲ್ಕಲ್, ಕಜ್ಜಾಯ ನೆನಪಾಗಿ ಗಂಟಲು ಕಟ್ಟುವುದು ಆ ಹೊತ್ತಿಗೇ. ನಾನು ಹಿಂದಿನ ಪಿ-ಡೇ ದಿನ ಅಮ್ಮನನ್ನು ಕೇಳಿಕೊಂಡು ಕಲ್ಕಲ್ ಮಾಡಿದೆ. ಫೋರ್ಕಿನ ಹಿಂಬದಿಯಲ್ಲಿ ಹಿಟ್ಟು ಸುರುಳಿ ಸುತ್ತಿ ಕರಿದೆ, ಅರ್ಧ ಸೀದವು. ಆದರೂ ಎದುರುಮನೆಯವರು ಡಬ್ಬಿ ಖಾಲಿ ಮಾಡಿ ವಾಪಸ್ ಕೊಟ್ಟರು, ಅದರಲ್ಲಿ ಬಿಬಿಂಗ್ಕಾ ಅನ್ನುವ ಅಕ್ಕಿಹಿಟ್ಟಿನ ಕೇಕ್ ಇಟ್ಟು.

ಹೊಸ ವರ್ಷದ ರಾತ್ರಿ ಪಟಾಕಿ ಜೋರು, ಒಳಗೇ ಇರಿ. ಪವಿತ್ರ ಗುರುವಾರ, ಶುಭ ಶುಕ್ರವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಗಾಡಿಗಳೂ ಕಡಿಮೆ. ಬುಧವಾರವೇ ಅಕ್ಕಿ, ಮೊಟ್ಟೆ ತಂದಿಡಿ.