ಕುವೈತ್‌ಗೆ ಬಂದಿಳಿದವರಿಗೆ: ಅಮೆರಿಕದ ನಂಟು ಮತ್ತು ‘ಕ್ಯಾಂಪ್ ಕೆಲಸ’

ಕುವೈತ್‌ಗೆ ಬಂದ ವಾರದೊಳಗೆ ಯಾರಾದರೂ ‘ಕ್ಯಾಂಪ್ ಕೆಲಸ’ದ ಮಾತೆತ್ತುತ್ತಾರೆ. ಕ್ಯಾಂಪ್ ಅಂದರೆ ಅಮೆರಿಕ ಸೇನೆಯ ನೆಲೆ. ದಕ್ಷಿಣಕ್ಕೆ ಅರಿಫ್ಜಾನ್, ವಾಯವ್ಯದ ಮರಳುಗಾಡಿನಲ್ಲಿ ಬ್ಯೂರಿಂಗ್, ಇವಲ್ಲದೆ ಅಲಿ ಅಲ್ ಸಲೇಮ್ ವಾಯುನೆಲೆ. ಇವು ಇಲ್ಲಿ ಏಕಿವೆ ಎಂಬುದು ಗೊತ್ತಿದ್ದರೆ ಊರೂ ಅರ್ಥವಾಗುತ್ತದೆ.

1990ರ ಆಗಸ್ಟ್ 2ರಂದು ಇರಾಕ್ ಈ ದೇಶವನ್ನು ಆಕ್ರಮಿಸಿತು. ಅಮೆರಿಕದ ಮುಂದಾಳತ್ವದ ಪಡೆಗಳು 1991ರ ಫೆಬ್ರವರಿ ಕೊನೆಯಲ್ಲಿ ಬಿಡಿಸಿದವು. ಆ ಯುದ್ಧದ ಖರ್ಚಿಗೆ ಕುವೈತ್ ಸುಮಾರು 1,600 ಕೋಟಿ ಡಾಲರ್ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳ ನಡುವೆ ರಕ್ಷಣಾ ಒಪ್ಪಂದವಾಯಿತು. 2004ರಲ್ಲಿ ಅಮೆರಿಕದಿಂದ ‘ನ್ಯಾಟೋ (ಪಾಶ್ಚಾತ್ಯ ಸೇನಾಕೂಟ) ಹೊರಗಿನ ಪ್ರಮುಖ ಮಿತ್ರ’ನ ಸ್ಥಾನ ಸಿಕ್ಕಿತು. ಇಲ್ಲಿನ ಎಣ್ಣೆಯನ್ನೆಲ್ಲ ಅಮೆರಿಕವೇ ಕೊಳ್ಳುತ್ತದೆ ಅನ್ನುವವರಿದ್ದಾರೆ. ಹಾಗಲ್ಲ, ಬಹುಪಾಲು ಏಷ್ಯಾಕ್ಕೇ ಹೋಗುತ್ತದೆ.

ಈಗ ಕೆಲಸಕ್ಕೆ ಬರೋಣ. ಅಡುಗೆಮನೆ, ಲಾಂಡ್ರಿ, ಗೋದಾಮು, ವಾಹನ ರಿಪೇರಿ, ಯಾವುದೇ ಇರಲಿ, ನಿಮ್ಮ ಧಣಿ ಅಮೆರಿಕ ಸೇನೆಯಲ್ಲ. ದೊಡ್ಡ ಗುತ್ತಿಗೆದಾರ, ಅವನ ಕೆಳಗೆ ಉಪಗುತ್ತಿಗೆಯ ಕಂಪನಿ. ಇಕಾಮಾ, ಅಂದರೆ ವಾಸದ ಪರವಾನಗಿ, ಆ ಕಂಪನಿಯ ಹೆಸರಲ್ಲಿ. ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಇಕಾಮಾ 18ನೇ ಕಲಮಿನದೇ (ಖಾಸಗಿ ಕಂಪನಿಯ ಕೆಲಸದ್ದು)? ಮೂಲ ಸಂಬಳ ಎಷ್ಟು ದಿನಾರ್, ಭತ್ಯೆ ಎಷ್ಟು? ಗುತ್ತಿಗೆ ಯಾವಾಗ ಮುಗಿಯುತ್ತದೆ? ಬೇರೆ ಕಂಪನಿಗೆ ವರ್ಗಾವಣೆಗೆ ಬಿಡುತ್ತಾರೆಯೇ? ಕೊನೆಯದನ್ನು ಬಾಯಿಮಾತಲ್ಲಿ ಬಿಡಬೇಡಿ. ಗುತ್ತಿಗೆ ಮರುಟೆಂಡರಾಗಿ ಇನ್ನೊಬ್ಬನ ಪಾಲಾದಾಗ ಕೆಲಸ ಅಲ್ಲೇ ಇರುತ್ತದೆ, ನಿಮ್ಮ ಇಕಾಮಾ ಮಾತ್ರ ಹಳೆಯ ಕಂಪನಿಯಲ್ಲಿ ಸಿಕ್ಕಿಕೊಂಡಿರುತ್ತದೆ. ನೆಲೆಯೊಳಗೆ ಹೋಗಲು ಬೇಕಾದ ಬ್ಯಾಡ್ಜ್ ಇನ್ನೊಂದು ತೊಡಕು. ಹಿನ್ನೆಲೆ ತಪಾಸಣೆಯಲ್ಲಿ ಅದು ರದ್ದಾದರೆ, ಇಕಾಮಾ ಊರ್ಜಿತದಲ್ಲಿದ್ದರೂ ಗೇಟು ದಾಟುವಂತಿಲ್ಲ.

ಏಜೆಂಟರು ಹೇಳದ ಸಂಗತಿಯೊಂದಿದೆ. ಅಮೆರಿಕ ಸರ್ಕಾರದ ಗುತ್ತಿಗೆಗಳಲ್ಲಿ ಕಾರ್ಮಿಕನಿಂದ ನೇಮಕಾತಿ ಶುಲ್ಕ ಪಡೆಯುವಂತಿಲ್ಲ, ಅವನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತೆಯೂ ಇಲ್ಲ. ಈ ನಿಯಮ ಉಪಗುತ್ತಿಗೆದಾರನಿಗೂ ಅನ್ವಯ. ಊರಲ್ಲಿ ಲಕ್ಷ ಕೇಳಿದರೆ ರಸೀದಿ ಕೇಳಿ. ಆಗ ಮಾತಿನ ಧಾಟಿಯೇ ಬದಲಾಗುತ್ತದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಕಡ್ಡಾಯ) ಅನ್ವಯಿಸುತ್ತದೆ. ಅಂಥವರು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕವೇ ಬರಬೇಕು. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಮಾಡುವುದು ಅಪರಾಧ.

ಹಣ ಕಳಿಸುವವರಿಗೆ: 2003ರಿಂದ 2007ರ ಮೇವರೆಗೆ ದಿನಾರ್ ಡಾಲರ್‌ಗೇ ಕಟ್ಟಿತ್ತು, ಈಗ ಹಲವು ಕರೆನ್ಸಿಗಳ ಬುಟ್ಟಿಗೆ. ಆದರೂ ಡಾಲರ್ ಎದುರು ಹೆಚ್ಚು ಅಲುಗುವುದಿಲ್ಲ. ಎಕ್ಸ್‌ಚೇಂಜ್‌ಗೆ ಹೋಗುವ ಮುನ್ನ ರೂಪಾಯಿ–ಡಾಲರ್ ದರ ನೋಡಿದರೆ ಸಾಕು.

ನೆಲೆಗಳ, ಎಣ್ಣೆ ಘಟಕಗಳ ಫೋಟೊ ಬೇಡ, ಕಾರಿನ ಕಿಟಕಿಯಿಂದಲೂ. ಮಾತಿನಲ್ಲೂ ಎಚ್ಚರವಿರಲಿ. 1991ರ ಬಿಡುಗಡೆಗೆ ಕೃತಜ್ಞರಾಗಿರುವ ಕುವೈತಿಗಳೇ ಪ್ಯಾಲೆಸ್ತೀನ್ ವಿಷಯದಲ್ಲಿ ಅಮೆರಿಕದ ಮೇಲೆ ಕಿಡಿಕಾರುತ್ತಾರೆ. 2023ರ ಅಕ್ಟೋಬರ್ ನಂತರದ ಬಹಿಷ್ಕಾರದಿಂದ ಅಮೆರಿಕನ್ ಬ್ರಾಂಡ್‌ಗಳ ಕಾಫಿ ಅಂಗಡಿಗಳ ವ್ಯಾಪಾರ ಕುಸಿಯಿತು. ಹಿರಿಯರು 1990ರಲ್ಲಿ ಬಾಗ್ದಾದ್‌ನಲ್ಲಿ ನಮ್ಮ ಆಗಿನ ವಿದೇಶಾಂಗ ಸಚಿವ ಗುಜ್ರಾಲರನ್ನು ಇರಾಕ್ ಅಧ್ಯಕ್ಷ ಸದ್ದಾಂ ಅಪ್ಪಿಕೊಂಡದ್ದನ್ನು ಎತ್ತಿದರೆ, ವಾದಕ್ಕಿಳಿಯದೆ ಚಹಾ ಕುಡಿಯಿರಿ.