ಮಾರ್ಚ್ 31ಕ್ಕೆ ದುಡ್ಡೆಲ್ಲ ಗೋದಾಮಿನಲ್ಲಿತ್ತು

ಒಂದು ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕ ನನ್ನ ಕೈಗೆ ಬಂದ ಮೊದಲ ವರ್ಷ. ಮಾರ್ಚ್ ಕೊನೆಯಲ್ಲಿ ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು. "ಸರ್, ನಿಮ್ಮ ಖಾತೆ ಖಾಲಿ ಇದೆಯಲ್ಲ, ದುಡ್ಡೆಲ್ಲ ಎಲ್ಲಿ ಹೋಯ್ತು?" "ಗೋದಾಮಿನಲ್ಲಿದೆ, ಬಂದು ನೋಡಿ" ಅಂದೆ. ಆ ಕಡೆಯವರು ನಗಲಿಲ್ಲ.

ನಾನೇನೂ ತಮಾಷೆ ಮಾಡಿರಲಿಲ್ಲ. ಸೋಯಾ ಅವರೆ ಅಕ್ಟೋಬರ್ ಹೊತ್ತಿಗೆ ರಾಶಿಯಾಗುತ್ತದೆ. ಬೆಳೆದ ರೈತನಿಗೆ ಆಗಲೇ ದುಡ್ಡು ಕೊಡಬೇಕು. ಆದರೆ ಆ ಬೀಜ ಮಾರಾಟವಾಗೋದು ಮೇ-ಜೂನ್‌ನಲ್ಲಿ, ಮುಂಗಾರಿನ ಮೋಡ ಕಂಡ ಮೇಲೆ. ಫೆಬ್ರವರಿಯ ಕಡಲೆ ಹಿಂಗಾರಿ ಬಿತ್ತನೆ ತನಕ ಕೂತಿರುತ್ತದೆ. ಅಂದರೆ ಏಳೆಂಟು ತಿಂಗಳು ದುಡ್ಡು ಚೀಲದೊಳಗೇ ಇರುತ್ತದೆ. ಅನುದಾನದ ಹಾಗೆ ಮಾರ್ಚ್‌ನೊಳಗೆ ಲೆಕ್ಕ ಮುಗಿಸಿ ಅಂದರೆ ಈ ಕೆಲಸ ನಡೆಯೋದೇ ಇಲ್ಲ.

ಇದಕ್ಕೇ ಆವರ್ತ ನಿಧಿ ಬೇಕು. ನಮ್ಮವರು ಅದನ್ನು ರಿವಾಲ್ವಿಂಗ್ ಫಂಡ್ ಅಂತಲೇ ಕರೆಯೋದು. 2005-06ರಲ್ಲಿ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಶುರು ಮಾಡಿದ ಬೀಜ ಯೋಜನೆಯಲ್ಲಿ ಕಟ್ಟಡ, ಯಂತ್ರಗಳ ಜೊತೆ ಇಂಥ ನಿಧಿಗೂ ಜಾಗವಿತ್ತು. ಕಟ್ಟಡ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನ ಕೇಳಿದರೆ ಆ ನಿಧಿಯೇ ದೊಡ್ಡದು. ಬೀಜ ಮಾರಿದ ದುಡ್ಡು ಮತ್ತೆ ಬೀಜಕ್ಕೇ ಬರಬೇಕು, ಉಳಿದ ಲಾಭ ಮಾತ್ರ ಸಂಸ್ಥೆಗೆ. ಒಂದು ಸಲ ಸಾಮಾನ್ಯ ಖಾತೆಗೆ ಸೇರಿತು ಅಂದರೆ ಮುಗೀತು. ಮುಂದಿನ ಅಕ್ಟೋಬರಿನಲ್ಲಿ ರೈತನ ಮುಂದೆ ಕೈಕಟ್ಟಿ ನಿಲ್ಲುವವರು ನಾವು.

ಎರಡನೇ ವರ್ಷ ಪೆಟ್ಟು ಬಿತ್ತು. ಸೋಯಾದ ಒಂದು ಲಾಟ್, ಅಂದರೆ ಒಟ್ಟಿಗೆ ಪರೀಕ್ಷೆಗೆ ಹೋಗುವ ಬೀಜದ ಒಂದು ರಾಶಿ, ಮೊಳಕೆ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಸೋಯಾಕ್ಕೆ ಕನಿಷ್ಠ 70 ಶೇಕಡಾ ಬೇಕು. ಕಡಲೆಗಾದರೆ 85. ಹೊಲ ಚೆನ್ನಾಗಿತ್ತು, ಬೆರಕೆ ಗಿಡ ಕಿತ್ತಿದ್ದೆವು, ತೇವಾಂಶವೂ ಸರಿ ಇತ್ತು. ಹಾಗಾದರೆ ಎಲ್ಲಿ ಕೆಟ್ಟಿತು?

ಒಂದು ಹಳೇ ಪರೀಕ್ಷೆ ಮಾಡಿದೆ. ನೂರು ಕಾಳು ಎಣಿಸಿ, ಬಟ್ಟೆಗೆ ಹಾಕುವ ಬ್ಲೀಚ್ ನೀರು ಬೆರೆಸಿ ಅದರಲ್ಲಿ ನೆನೆಹಾಕಿದೆ. ಹತ್ತು ನಿಮಿಷದಲ್ಲಿ ಕೆಲವು ಕಾಳು ಉಬ್ಬಿ ಎರಡು ಮೂರು ಪಟ್ಟಾದವು. ಸಿಪ್ಪೆ ಬಿರುಕು ಬಿಟ್ಟ ಕಾಳೇ ಹೀಗೆ ಉಬ್ಬೋದು. ಒಣಗಿದ್ದಾಗ ಆ ಬಿರುಕು ಕಣ್ಣಿಗೆ ಕಾಣೋದೇ ಇಲ್ಲ. ಸೋಯಾದ ಸಿಪ್ಪೆ ತೆಳು, ಮೊಳಕೆಯ ಭಾಗ ಅದರ ಕೆಳಗೇ ಇರುತ್ತದೆ. ರಾಶಿ ಯಂತ್ರದ ಡ್ರಮ್ಮನ್ನು ಬೇಗ ಕೆಲಸ ಮುಗೀಲಿ ಅಂತ ಜೋರಾಗಿ ತಿರುಗಿಸಿದ್ದರು. ನಿಮಿಷಕ್ಕೆ 350-400 ಸುತ್ತು ಸಾಕಿತ್ತು.

ಯಂತ್ರ ಒಂದೇ ಅಲ್ಲ. ಮರುದಿನ ಲಾರಿಯಿಂದ ಚೀಲ ಇಳಿಸೋದನ್ನು ನಿಂತು ನೋಡಿದೆ. ಹುಡುಗರು ಮೇಲಿಂದ ಧೊಪ್ ಅಂತ ಎಸೆಯುತ್ತಿದ್ದರು. ಪಕ್ಕದಲ್ಲಿದ್ದ ವಯಸ್ಸಾದ ಹಮಾಲಿ ಗದರಿದರು: "ಏ, ಎತ್ತಿ ಒಗೀಬ್ಯಾಡ್ರೋ, ಸೋಯಾ ಅಂದ್ರ ತತ್ತಿ ಇದ್ದಂಗ!" ಎಷ್ಟು ತರಬೇತಿ ಕೊಟ್ಟಿದ್ದೇನೋ ನಾನು, ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಲ್ಲ. ಅವತ್ತಿನಿಂದ ಚೀಲ ಹೆಗಲ ಮೇಲೇ ಇಳಿಯಬೇಕು, ಒಂದರ ಮೇಲೊಂದು ನಾಲ್ಕೈದಕ್ಕಿಂತ ಜಾಸ್ತಿ ಒಟ್ಟಬಾರದು ಅಂತ ಮಾಡಿದೆವು. ಹಮಾಲಿ ದರ ಸ್ವಲ್ಪ ಏರಿತು. ಲೆಕ್ಕದವರು ಮತ್ತೆ ಫೋನ್ ಮಾಡಿದರು, ಇರಲಿ.

ಕೆಟ್ಟ ಲಾಟನ್ನು ಕಾಳಿನ ದರಕ್ಕೆ ಮಾರಿದೆವು. ಬೀಜೋಪಚಾರ ಮಾಡಿರಲಿಲ್ಲ, ಅದು ಪುಣ್ಯ. ಔಷಧಿ ಹಚ್ಚಿದ ಬೀಜವನ್ನು ತಿನ್ನೋ ಕಾಳಾಗಿ ಮಾರುವಂತಿಲ್ಲ.

ಆಮೇಲೆ ಒಂದು ವಿಷಯದಲ್ಲಿ ಹಟ ಹಿಡಿದೆ. ವಿಶ್ವವಿದ್ಯಾಲಯ ಅಂಗಡಿಯಾಗಬಾರದು. ನಮ್ಮ ಬಲ ಇರೋದು ಹಳದಿ ಚೀಟಿಯ ತಳಿವರ್ಧಕ ಬೀಜದಲ್ಲಿ, ಅಂದರೆ ತಳಿ ವಿಜ್ಞಾನಿಗಳ ಕಣ್ಣೆದುರೇ ಬೆಳೆದ ಮೊದಲ ಹಂತದ ಬೀಜದಲ್ಲಿ. ಅದರಿಂದ ಬಿಳಿ ಚೀಟಿಯ ಮೂಲ ಬೀಜ, ಮುಂದೆ ನೀಲಿ ಚೀಟಿಯ ಪ್ರಮಾಣಿತ ಬೀಜ. ಮೇಲಿನ ಬೀಜ ಬೆರಕೆಯಾದರೆ ಕೆಳಗಿನ ಸಾವಿರಾರು ಎಕರೆ ಬೆರಕೆ. ಜಾಸ್ತಿ ದುಡ್ಡಿನ ಆಸೆಗೆ ಸಂಶೋಧನಾ ತಾಕುಗಳನ್ನೂ ಬೀಜಕ್ಕೆ ಕೊಡಿ ಅಂತ ಒತ್ತಡ ಬಂದಿತ್ತು. ಬೇಡ ಅಂದೆ. ಹೊಸ ತಳಿ ಬಾರದಿದ್ದರೆ ಹತ್ತು ವರ್ಷದ ಮೇಲೆ ಯಾವ ಬೀಜ ಮಾರೋದು? ಧಾರವಾಡದಲ್ಲಿ ಹತ್ತಿ ತಳಿ ವಿಜ್ಞಾನಿ ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಕೊಟ್ಟ ಮೇಲೇ ಅಲ್ವಾ, ನಮ್ಮ ಕಡೆ ಊರೂರಲ್ಲಿ ಹೆಣ್ಣುಮಕ್ಕಳು ಮೊಗ್ಗು ಬಿಡಿಸಿ ಪರಾಗ ಹಚ್ಚಿ ಹೈಬ್ರಿಡ್ ಬೀಜ ಮಾಡುವ ಕೆಲಸ ಹಬ್ಬಿದ್ದು?

ಪ್ರಮಾಣ ಹೆಚ್ಚಿಸೋದನ್ನು ರೈತರ ಹೊಲಕ್ಕೆ ಬಿಟ್ಟೆವು. ಅಲ್ಲೂ ತಲೆನೋವಿದೆ. ರಾಶಿಯ ಹೊತ್ತಿಗೆ ಪೇಟೆ ದರ ಏರಿದರೆ ಬೀಜ ನಮ್ಮ ಬಾಗಿಲಿಗೆ ಬರೋದಿಲ್ಲ, ಸೀದಾ ಎಪಿಎಂಸಿಗೆ. ಅದಕ್ಕೆ ಮೊದಲೇ ದರ ಕಟ್ಟದೆ, ಆ ದಿನದ ಪೇಟೆ ದರದ ಮೇಲೆ ಇಷ್ಟು ಅಂತ ಒಪ್ಪಂದ ಮಾಡಿದೆವು. ಹದಿನೈದು ದಿನದಲ್ಲಿ ದುಡ್ಡು ಅಂತ ಮಾತು ಕೊಟ್ಟು ನಡೆಸಿದೆವು. ಮುಂದಿನ ವರ್ಷ ಕರೆಯದೇ ಬಂದರು.

ಲಾಭದಲ್ಲಿ ಮೊದಲು ಕಟ್ಟಿಸಿದ್ದು ಸಿಮೆಂಟಿನ ಕಣ, ಆಮೇಲೆ ಮೊಳಕೆ ಪರೀಕ್ಷೆಯ ಕ್ಯಾಬಿನೆಟ್. ಎಂಎಸ್ಸಿ ವಿದ್ಯಾರ್ಥಿಗಳು ಈಗ ಅಲ್ಲೇ ಪ್ರಯೋಗ ಮಾಡುತ್ತಾರೆ. ಕಡಲೆ ಹೂ ಬಿಟ್ಟಾಗ ಅವರನ್ನು ಹೊಲಕ್ಕಿಳಿಸುತ್ತೇನೆ. ಗುಲಾಬಿ ಹೂಗಳ ನಡುವೆ ಬಿಳಿ ಹೂವಿನ ಗಿಡ ಕಂಡರೆ ಅದು ಬೆರಕೆ, ಕಿತ್ತು ನನ್ನ ಟೇಬಲ್ ಮೇಲೆ ಇಡಬೇಕು. ಹೋದ ವರ್ಷ ಒಬ್ಬಳು ಏಳು ಗಿಡ ತಂದಿಟ್ಟು, "ಸರ್, ಎಂಟನೇದು ಪಕ್ಕದ ಹೊಲದ್ದು, ಕೀಳೋಕೆ ಆಗ್ಲಿಲ್ಲ" ಅಂದಳು. ಆ ಹೊಲದ ಯಜಮಾನರನ್ನು ಹುಡುಕಿಕೊಂಡು ಇಬ್ಬರೂ ಹೊರಟೆವು.