ನಾನು ಬಾರ್ ಸುತ್ತಿದ ಕತೆ

ಕಳೆದ ವರ್ಷ ಬೆಂಗಳೂರಿನಲ್ಲಿ ಸಿಕ್ಕಾಪಟ್ಟೆ ಬಾರ್ ಹುಡುಕಿಕೊಂಡು ಅಲೆದೆ. ಚಾಕೊಲೇಟ್ ಬಾರ್ ಮಾರಾಯ್ರೆ, ಬೇರೆಯದಲ್ಲ.

ನಮ್ಮೂರು ಪುತ್ತೂರಿನ ಹತ್ತಿರ. ಅಡಿಕೆ ತೋಟದ ನಡುವೆ ಕೊಕ್ಕೊ, ಅಂದರೆ ಚಾಕೊಲೇಟಿನ ಕೋಕೋ ಗಿಡ ಇದ್ದೇ ಇರುತ್ತಿತ್ತು. ಹಣ್ಣು ಒಡೆದು, ಬೀಜದ ಮೇಲಿನ ಬಿಳಿ ತಿರುಳು ಚೀಪಿ, ಬೀಜ ಉಗಿಯುವುದು ಮಕ್ಕಳ ಕೆಲಸ. ನಾವು ಬಿಟ್ಟದ್ದು ಅಳಿಲಿಗೆ, ಅಳಿಲು ಬಿಟ್ಟದ್ದು ಕ್ಯಾಂಪ್ಕೊಗೆ, ಅಂದರೆ ಅಡಿಕೆ, ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆಗೆ. ಕೆಮ್ಮಿಂಜೆಯ ಅವರ ಚಾಕೊಲೇಟ್ ಕಾರ್ಖಾನೆ 1986ರದ್ದು. ಇಷ್ಟಿದ್ದೂ ಆ ಬೀಜಕ್ಕೆ ಅದರದ್ದೇ ಒಂದು ರುಚಿ ಇದೆ ಅಂತ ನಲವತ್ತು ದಾಟುವವರೆಗೆ ನನಗೆ ಹೊಳೆದಿರಲಿಲ್ಲ.

ಶುರುವಿನಲ್ಲೇ ಬೇಸ್ತು ಬಿದ್ದೆ. ಒಂದು ಅಂಗಡಿಯವರು ‘ಕೈಯಲ್ಲೇ ಮಾಡಿದ್ದು’ ಅಂತ ಬಂಗಾರದ ಬಣ್ಣದ ಹಾಳೆಯಲ್ಲಿ ಸುತ್ತಿ ಕೊಟ್ಟರು. ಬಾಯಿಗಿಟ್ಟರೆ ಕರಗಲಿಲ್ಲ, ಮೇಣದ ಹಾಗೆ ಅಂಗುಳಿಗೆ ಅಂಟಿತು. ಅದು ಕಾಂಪೌಂಡ್. ಅಂದರೆ ಕೋಕೋ ಬೆಣ್ಣೆಯ (ಕೋಕೋ ಬೀಜದ್ದೇ ಕೊಬ್ಬು) ಜಾಗದಲ್ಲಿ ಬೇರೆ ಎಣ್ಣೆಯ ಕೊಬ್ಬು. ಅದರ ಗಟ್ಟಿ ತಂದು, ಕರಗಿಸಿ, ಅಚ್ಚಿಗೆ ಹೊಯ್ದರೆ ಆಯ್ತು. ಕೈಯಲ್ಲಿ ಮಾಡಿದ್ದು ಸುಳ್ಳೇನಲ್ಲ ಬಿಡಿ, ಬೀಜದಿಂದ ಮಾಡಿದ್ದಲ್ಲ ಅಷ್ಟೇ. ಈಗ ಮೊದಲು ಪ್ಯಾಕೆಟ್ಟಿನ ಬೆನ್ನು ಓದುತ್ತೇನೆ. ಕೋಕೋ ಬೀಜ, ಸಕ್ಕರೆ, ಜಾಸ್ತಿ ಅಂದ್ರೆ ಒಂಚೂರು ಕೋಕೋ ಬೆಣ್ಣೆ. ವೆಜಿಟೆಬಲ್ ಫ್ಯಾಟ್ ಅಂತ ಕಂಡರೆ ವಾಪಸ್.

ಹೀಗೆ ಸೋಸಿ ನಾಲ್ಕು ಕಂಪನಿಗಳ ಬಾರ್ ಆರಿಸಿದೆ. 2012ರಲ್ಲಿ ಅರ್ಥ್ ಲೋಫ್ ಅಂತ ಶುರುವಾಗಿ ಆಮೇಲೆ ಹೆಸರು ಬದಲಿಸಿಕೊಂಡ ಮೈಸೂರಿನ ನವಿಲುನಾ, ಆರೋವಿಲ್‌ನ ಮೇಸನ್ ಅಂಡ್ ಕೋ, ಕೊಚ್ಚಿಯ ಪಾಲ್ ಅಂಡ್ ಮೈಕ್, ಹೈದರಾಬಾದಿನ ಮನಂ.

ಮೊದಲ ಸಂಜೆ ಪೂರ್ತಿ ದಂಡ. ಫಿಲ್ಟರ್ ಕಾಫಿ ಕುಡಿದು ಕೂತಿದ್ದೆ, ಬಾರ್‌ಗಳು ಫ್ರಿಜ್ಜಿನಿಂದ ಆಗ ತಾನೇ ಬಂದಿದ್ದವು, ಕೋಕೋ ಅಂಶ ಒಂದರಲ್ಲಿ 55%, ಇನ್ನೊಂದರಲ್ಲಿ 85%. ಎಲ್ಲವೂ ‘ಕಹಿ’ ಅನ್ನಿಸಿದವು.

ಎರಡನೇ ಸಲ ಎಲ್ಲವೂ 70%ರ ಆಸುಪಾಸಿನವು. ಹೊರಗಿಟ್ಟು ತಣ್ಣಗಿರುವುದು ಹೋಗಲು ಬಿಟ್ಟೆ. ಹೆಂಡತಿ ತುಂಡು ಮಾಡಿ, ತಟ್ಟೆಯ ಕೆಳಗೆ ನಂಬರ್ ಬರೆದಳು. ಯಾವುದು ಯಾವುದೆಂದು ನನಗೆ ಗೊತ್ತಿಲ್ಲ. ನಡುನಡುವೆ ಉಗುರುಬೆಚ್ಚಗಿನ ನೀರು, ಎರಡು ಕಾಳು ಸಪ್ಪೆ ಮಂಡಕ್ಕಿ. ಮುರಿದಾಗ ‘ಟಕ್’ ಅನ್ನಬೇಕು. ಮತ್ತೆ ಅಗಿಯಬಾರದು, ಇದೇ ಕಷ್ಟ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ನಮ್ಮ ಮೈಬಿಸಿಗಿಂತ ತುಸು ಕೆಳಗೆ. ನಾಲಗೆ ಮೇಲಿಟ್ಟು ಸುಮ್ನೆ ಕೂತರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎರಡನೇ ತಟ್ಟೆಯದು ಮೊದಲು ಏನೂ ಹೇಳಲಿಲ್ಲ. ಅರ್ಧ ನಿಮಿಷಕ್ಕೆ ಒಣದ್ರಾಕ್ಷಿಯ ಹುಳಿ, ಕೊನೆಗೆ ಗಂಟಲ ಹತ್ತಿರ ಬೆಲ್ಲ. ನಾಲ್ಕನೆಯದು ಹುರಿದ ಗೋಡಂಬಿಯ ಹಾಗೆ. ಎಲ್ಲದರ ಶೇಕಡಾ ಲೆಕ್ಕ ಹೆಚ್ಚುಕಮ್ಮಿ ಒಂದೇ, ರುಚಿ ಮಾತ್ರ ಅಕ್ಕಪಕ್ಕದ ಮನೆಯ ಸಾರಿನಷ್ಟು ಬೇರೆ.

ಶೇಕಡಾ ಹೇಳುವುದು ಬೀಜದಿಂದ ಬಂದದ್ದು ಎಷ್ಟು ಅಂತ, ಅಷ್ಟೇ. ರುಚಿಯ ಬುನಾದಿ ಬೀಳುವುದು ತೋಟದ ಕಡೆ, ಹಸಿ ಬೀಜವನ್ನು ಪೆಟ್ಟಿಗೆಗೆ ಹಾಕಿ, ಬಾಳೆ ಎಲೆ ಮುಚ್ಚಿ, ಐದಾರು ದಿನ ಹುಳಿ ಬರಿಸುವಾಗ. ಆಮೇಲೆ ಒಣಗಿಸುವುದು, ಹುರಿಯುವುದು, ಕಲ್ಲಿನ ಗ್ರೈಂಡರಿನಲ್ಲಿ ದಿನಗಟ್ಟಲೆ ಅರೆಯುವುದು. ಆ ಗ್ರೈಂಡರ್ ನಮ್ಮ ದೋಸೆಹಿಟ್ಟಿನದ್ದರ ಅಣ್ಣನೇ.

ತಟ್ಟೆ ಎತ್ತಿ ನೋಡಿದರೆ ನನ್ನ ಎರಡನೆಯದು ನವಿಲುನಾ. ಹೆಂಡತಿ ಮನಂ ಪಕ್ಷ. ಜಗಳ ಇನ್ನೂ ಮುಗಿದಿಲ್ಲ.

ಮೊನ್ನೆ ಅಮ್ಮ ಬಂದಿದ್ದರು. ಉಳಿದಿದ್ದ ತುಂಡು ಕೊಟ್ಟೆ. ಕಣ್ಣು ಮುಚ್ಚಿ ಚೀಪಿದರು.

“ಮಳೆಗಾಲದಲ್ಲಿ ಬೀಜ ಒಣಗದೆ ಅಟ್ಟದಲ್ಲಿ ಹರಡಿದಾಗ ಒಂದು ಪರಿಮಳ ಬರ್ತಿತ್ತಲ್ಲ, ಅದೇ ಇದು. ಎಷ್ಟು ಇದಕ್ಕೆ?”

“ಮುನ್ನೂರೈವತ್ತು.”

“ಇಡೀ ಕಿಲೋಕ್ಕಾ?”

ಅಂಗೈಯಗಲದ ಖಾಲಿ ಕವರ್ ತೋರಿಸಿದೆ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಹಸಿ ಬೀಜಕ್ಕೆ ನಮಗೆ ಎಷ್ಟು ಸಿಗ್ತದೆ ಅಂತ ನಿಂಗೆ ಗೊತ್ತುಂಟಾ?” ಅಂದರು.